ಬಸ್ಸಿನಲ್ಲಿ ಹೋಗಿ, ನಡೆದು ಬನ್ನಿ: ಶ್ರೀರಂಗಪಟ್ಟಣದ ಸುತ್ತ ಗಾಡಿ ಇಲ್ಲದವರ ನಡಿಗೆ

ಪ್ರಶ್ನೆ: ನಾನು ನಿವೃತ್ತ ಶಿಕ್ಷಕಿ. ಯಜಮಾನರ ಜೊತೆ ಹೊಸದಾಗಿ ಶ್ರೀರಂಗಪಟ್ಟಣಕ್ಕೆ ಬಂದು ನೆಲೆಸಿದ್ದೇನೆ. ಇಬ್ಬರಿಗೂ ಅರವತ್ತು ದಾಟಿದೆ. ಗಾಡಿ ಇಲ್ಲ, ತಗೊಳ್ಳುವ ಆಸೆಯೂ ಇಲ್ಲ. ದಿನಾ ಕೋಟೆಯೊಳಗೇ ಸುತ್ತಿ ಬೇಜಾರಾಗಿದೆ. ಬಸ್ಸಿನಲ್ಲೋ ರೈಲಿನಲ್ಲೋ ಹೋಗಿ, ಗದ್ದೆ ತೋಟಗಳ ನಡುವೆ ಎರಡು ಮೂರು ಗಂಟೆ ನಡೆದು, ಕತ್ತಲಾಗುವ ಮೊದಲು ಮನೆ ಸೇರುವಂಥ ಜಾಗಗಳು ಯಾವುವು? ನನ್ನ ಮೊಣಕಾಲು ಅಷ್ಟು ಗಟ್ಟಿಯಿಲ್ಲ. ಬೆಟ್ಟವಾದರೆ ಸಣ್ಣದಿರಲಿ.

ಉತ್ತರ: ಮೇಡಂ, ಗಾಡಿ ಇಲ್ಲ ಅಂತ ಯೋಚನೆ ಬೇಡ. ನಡೆಯುವವರಿಗೆ ಬಸ್ಸೇ ಮೇಲು. ಕಾರು ತಂದವರು ಅದನ್ನು ಎಲ್ಲಿ ಬಿಟ್ಟರೋ ಅಲ್ಲಿಗೇ ವಾಪಸ್ ಬರಬೇಕು. ಹಾಗಾಗಿ ಹೋದ ದಾರಿಯಲ್ಲೇ ತಿರುಗಿ ಬರುತ್ತಾರೆ. ಬಸ್ಸಿನವರಿಗೆ ಆ ಕಟ್ಟು ಇಲ್ಲ. ಒಂದು ಊರಲ್ಲಿ ಇಳಿದು ಇನ್ನೊಂದು ಊರಲ್ಲಿ ಹತ್ತಬಹುದು.

ನಾನು ಎಲ್ಲರಿಗೂ ಹೇಳುವುದು ಒಂದೇ: ಹೋಗುವಾಗ ಬಸ್ಸು ಹತ್ತಿ, ಬರುವಾಗ ಮನೆ ಕಡೆಗೆ ನಡೆಯಿರಿ. ಹಳ್ಳಿ ಬಸ್ಸಿನ ತಾಪತ್ರಯ ಇರುವುದು ವಾಪಸ್ ಬರುವಾಗಲೇ. ಮಧ್ಯಾಹ್ನದ ಬಸ್ಸು ಒಂದೊಂದು ದಿನ ಬರುವುದೇ ಇಲ್ಲ. ಮುಖ ಮನೆ ಕಡೆಗಿದ್ದರೆ ಅದು ಬಂದರೂ ಸರಿ, ಬರದಿದ್ದರೂ ಸರಿ. ಸುಸ್ತಾದಾಗ ಸಿಕ್ಕಿದ್ದನ್ನು ಹತ್ತಿದರಾಯಿತು.

ಇದಕ್ಕೆ ಶ್ರೀರಂಗಪಟ್ಟಣದಷ್ಟು ಹೊಂದುವ ಊರು ಹಳೇ ಮೈಸೂರಿನಲ್ಲಿ ಕಡಿಮೆ. ಕಾರಣ ನಾಲೆಗಳು. ಕಾವೇರಿ ನಿಮ್ಮ ಊರನ್ನು ಎರಡು ಕವಲಾಗಿ ಬಳಸಿ ಹೋಗುತ್ತಾಳೆ. ಎಡದಂಡೆಯಲ್ಲಿ ಚಿಕ್ಕದೇವರಾಜಸಾಗರ ನಾಲೆ ಇದೆ. ಜನ ಅದನ್ನು ಸಿ.ಡಿ.ಎಸ್. ನಾಲೆ ಅಂತಾರೆ. ಬಲದಂಡೆಯಲ್ಲಿ ವಿರಿಜಾ ನಾಲೆ. ದ್ವೀಪದ ಮೇಲೇ ಬಂಗಾರದೊಡ್ಡಿ ನಾಲೆ. ಅದು ಮೇಲ್ಗಾಲುವೆಯಲ್ಲಿ ಹೊಳೆ ದಾಟಿ ದ್ವೀಪದೊಳಗೆ ಬರುತ್ತದೆ, ಅಂದರೆ ನೀರಿನ ಮೇಲೆ ನೀರು. ಕಂಠೀರವ ನರಸರಾಜ ಒಡೆಯರ ಕಾಲದ್ದು ಎಂದು ಹೇಳುತ್ತಾರೆ. ಕನ್ನಂಬಾಡಿ ಕಟ್ಟೆ, ಅಂದರೆ ಕೆ.ಆರ್.ಎಸ್. ಅಣೆಕಟ್ಟು, ಕಟ್ಟುವುದಕ್ಕೆ ಶತಮಾನಗಳ ಮೊದಲೇ ಈ ನಾಲೆಗಳು ಗದ್ದೆಗೆ ನೀರುಣಿಸುತ್ತಿದ್ದವು.

ನಿಮ್ಮ ಮೊಣಕಾಲಿಗೂ ನಾಲೆಗೂ ಏನು ಸಂಬಂಧ ಅಂತೀರಾ? ನಾಲೆಯನ್ನು ನೆಲದ ಮಟ್ಟ ನೋಡಿಕೊಂಡು, ಇಳಿಜಾರು ಇದೆಯೋ ಇಲ್ಲವೋ ಎಂಬಷ್ಟು ಕಡಿಮೆ ಇಟ್ಟು ತೋಡಿರುತ್ತಾರೆ. ಹಾಗಾಗಿ ಅದರ ಏರಿಯ ಮೇಲಿನ ದಾರಿಯಲ್ಲಿ ಹತ್ತುವುದೂ ಇಲ್ಲ, ಇಳಿಯುವುದೂ ಇಲ್ಲ. ಗದ್ದೆಗಳಿಗೆ ನೀರು ಬಿಡುವ ನೀರಗಂಟಿಗಳು ಓಡಾಡಲಿ, ಹೂಳು ತೆಗೆಯುವ ಯಂತ್ರ ಬರಲಿ ಅಂತ ಬಿಟ್ಟ ದಾರಿ ಅದು. ಎತ್ತಿನ ಗಾಡಿ, ಟ್ರಾಕ್ಟರ್ ಕೂಡ ಹೋಗುತ್ತವೆ. ಅಲ್ಲಲ್ಲಿ ಹೊಂಗೆ ಮರದ ನೆರಳಿರುತ್ತದೆ. ಮೇಲಾಗಿ ದಾರಿ ತಪ್ಪುವ ಭಯ ಇಲ್ಲ. ಊರಿನ ಪಶ್ಚಿಮಕ್ಕೆ ಎಲ್ಲೇ ಇಳಿದರೂ ನಾಲೆಯ ನೀರು ಹರಿಯುವ ಕಡೆಗೇ ನಡೆಯುತ್ತಿದ್ದರೆ ಪಟ್ಟಣದ ದಿಕ್ಕಿಗೇ ಬರುತ್ತೀರಿ. ಮೊಬೈಲ್ ಮ್ಯಾಪ್ ಬೇಕಾಗುವುದಿಲ್ಲ.

ಹಾಗಾಗಿ ಮೊದಲ ನಡಿಗೆ ಬೆಳಗೊಳದಿಂದ ಇರಲಿ. ಬೆಳಿಗ್ಗೆ ಕೆ.ಆರ್.ಎಸ್. ಕಡೆ ಹೋಗುವ ಬಸ್ಸು ಹತ್ತಿ. ಪಾಲಹಳ್ಳಿ, ಬೆಳಗೊಳದ ಮೇಲೆ ಹೋಗುತ್ತದೆಯೇ ಎಂದು ಕೇಳಿಕೊಳ್ಳಿ. ಬೆಳಗೊಳದಲ್ಲಿ ಇಳಿದು, ನಾಲೆ ಏರಿ ಎಲ್ಲಿ ಎಂದು ಟೀ ಅಂಗಡಿಯಲ್ಲಿ ವಿಚಾರಿಸಿ, ಪಾಲಹಳ್ಳಿ ಕಡೆಗೆ ಹೊರಡಿ. ಸುಮಾರು ಆರೇಳು ಕಿಲೋಮೀಟರ್. ನಿಂತು ನೋಡಿಕೊಂಡು ನಡೆದರೆ ಎರಡೂವರೆ ಗಂಟೆ ಬೇಕು. ಒಂದು ಕಡೆ ಭತ್ತ, ಇನ್ನೊಂದು ಕಡೆ ಕಬ್ಬು, ನಡುವೆ ತೆಂಗು. ಕೆಲವು ಕಡೆ ಏರಿ ದಾರಿ ಗಿಡ ಬೆಳೆದು ಮುಚ್ಚಿರುತ್ತದೆ. ಅಲ್ಲಿ ಮೊಂಡು ಹಿಡಿಯದೆ ರಸ್ತೆಗೆ ಇಳಿದು, ಮುಂದೆ ಮತ್ತೆ ಏರಿ ಹತ್ತಿ. ಟಾರ್ ರಸ್ತೆಯಲ್ಲೇ ಪೂರ್ತಿ ನಡೆಯುತ್ತೇನೆ ಅನ್ನಬೇಡಿ. ಶನಿವಾರ, ಭಾನುವಾರ ಬೃಂದಾವನಕ್ಕೆ ಹೋಗುವ ಕಾರುಗಳ ಹಾವಳಿ ಜಾಸ್ತಿ.

ಇದೇ ದಾರಿಯಲ್ಲಿ ಬಲಮುರಿ, ಎಡಮುರಿ ಎಂಬ ಬೋರ್ಡು ಕಾಣುತ್ತದೆ. ಜಲಪಾತ ಅಂತ ಬರೆದಿದ್ದರೂ ಬಲಮುರಿ ಜಲಪಾತವಲ್ಲ, ಹಳೆಯ ಒಡ್ಡು. ಹೊಳೆಗೆ ಅಡ್ಡಲಾಗಿ ಕಟ್ಟಿದ ಕಲ್ಲಿನ ಕಟ್ಟೆಯ ಮೇಲಿಂದ ನೀರು ಹಾಲಿನ ಹಾಗೆ ಇಳಿಯುತ್ತದೆ. ದೂರದಿಂದ ನೋಡಿ, ಬಿಸಿ ಬಿಸಿ ಜೋಳದ ತೆನೆ ತಿಂದು ಬನ್ನಿ, ನೀರಿಗೆ ಮಾತ್ರ ಇಳಿಯಬೇಡಿ. ಪ್ರತಿ ವರ್ಷ ಅಲ್ಲಿ ಜನ ಮುಳುಗಿ ಸಾಯುತ್ತಾರೆ. ಕಲ್ಲು ಪಾಚಿ ಕಟ್ಟಿರುತ್ತದೆ, ಸುಳಿ ಕಣ್ಣಿಗೆ ಕಾಣುವುದಿಲ್ಲ. ಈ ಹೊಳೆಯಲ್ಲಿ ಮೊಸಳೆಗಳೂ ಇವೆ.

ಪಾಲಹಳ್ಳಿಗೆ ಬಂದರೆ ರಂಗನತಿಟ್ಟು ಪಕ್ಕದಲ್ಲೇ. ಇಲ್ಲಿಯವರೆಗೆ ಬಂದು ನೋಡದೆ ಹೋಗುವುದು ಹೇಗೆ? ಹೊಳೆಗೆ ಒಡ್ಡು ಕಟ್ಟಿದಾಗ ಉಳಿದುಕೊಂಡ ಸಣ್ಣ ನಡುಗಡ್ಡೆಗಳು ಇವು. ಪಕ್ಷಿತಜ್ಞ ಸಲೀಂ ಅಲಿ ಅವರು ಮೈಸೂರು ಸಂಸ್ಥಾನಕ್ಕೆ ಹೇಳಿ, 1940ರಲ್ಲಿ ಪಕ್ಷಿಧಾಮವಾಯಿತು. 2022ರಲ್ಲಿ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿತು. ಕರ್ನಾಟಕದಿಂದ ಆ ಪಟ್ಟಿಗೆ ಸೇರಿದ ಮೊದಲ ಜಾಗ ಇದೇ. ಒಳಗೆ ಹೊಳೆ ಪಕ್ಕ ನೆರಳಿನಲ್ಲಿ ನಡೆಯುವ ದಾರಿ ಇದೆ, ಬೆಂಚುಗಳಿವೆ. ದೋಣಿ ಹತ್ತಲೇಬೇಕು ಅಂತ ಇಲ್ಲ. ಡಿಸೆಂಬರ್ ಕಳೆದ ಮೇಲೆ ಬೇಸಿಗೆಯವರೆಗೆ ಗೂಡು ಕಟ್ಟುವ ಕಾಲ. ಬಣ್ಣದ ಕೊಕ್ಕರೆ, ಬಾಯ್ಕಳಕ, ಚಮಚಕೊಕ್ಕು ಎಲ್ಲ ದಡದಿಂದಲೇ ಕಾಣುತ್ತವೆ. ಬಂಡೆ ಮೇಲೆ ಬಾಯಿ ತೆರೆದು ಮಲಗಿದ ಮೊಸಳೆಯೂ ಕಾಣುತ್ತದೆ. ಬಲಮುರಿಯಲ್ಲಿ ನೀರಿಗೆ ಇಳಿಯಬೇಡಿ ಅಂದಿದ್ದು ಯಾಕೆ ಅಂತ ಆಗ ಗೊತ್ತಾಗುತ್ತದೆ. ಅಲ್ಲಿಂದ ಪಟ್ಟಣಕ್ಕೆ ಮೂರು ನಾಲ್ಕು ಕಿಲೋಮೀಟರ್. ಕಾಲಲ್ಲಿ ಶಕ್ತಿ ಇದ್ದರೆ ನಡೆಯಿರಿ, ಇಲ್ಲವೇ ಆಟೋ ಹಿಡಿಯಿರಿ. ಪಕ್ಷಿಧಾಮದ ಗೇಟಿನಲ್ಲಿ ಆಟೋದವರು ದ್ವೀಪ ಪೂರ್ತಿ ತೋರಿಸುತ್ತೇವೆ ಅಂತ ಮುತ್ತಿಕೊಳ್ಳುತ್ತಾರೆ. ನಾವು ಇಲ್ಲಿಯವರೇ ಅಂದರೆ ರೇಟು ತಾನಾಗಿ ಇಳಿಯುತ್ತದೆ!

ಬರುವಾಗ ಪಶ್ಚಿಮವಾಹಿನಿಯಲ್ಲಿ ಸ್ವಲ್ಪ ಕೂರಬಹುದು. ಪೂರ್ವಕ್ಕೆ ಹೋಗಬೇಕಾದ ಹೊಳೆ ಇಲ್ಲಿ ಸ್ವಲ್ಪ ದೂರ ಪಶ್ಚಿಮಕ್ಕೆ ತಿರುಗುತ್ತದೆ, ಅದಕ್ಕೇ ಆ ಹೆಸರು. ಗಾಂಧೀಜಿಯವರ ಚಿತಾಭಸ್ಮದ ಒಂದು ಪಾಲನ್ನು 1948ರ ಫೆಬ್ರವರಿಯಲ್ಲಿ ವಿಸರ್ಜಿಸಿದ್ದು ಇಲ್ಲೇ. ಮಹಾಲಯ ಅಮಾವಾಸ್ಯೆಯ ಹೊತ್ತಿಗೆ ತರ್ಪಣ, ಪಿಂಡದ ಗದ್ದಲ. ಆ ದಿನಗಳು ನಡಿಗೆಗೆ ಆಗುವುದಿಲ್ಲ.

ಎರಡನೆಯದು ಕರಿಘಟ್ಟ. ನೀವು ಕೇಳಿದ ಸಣ್ಣ ಬೆಟ್ಟ. ಇದಕ್ಕೆ ಮಾತ್ರ ನನ್ನ ನಿಯಮ ತಿರುಗುಮುರುಗು: ಹೋಗುವಾಗ ನಡೆಯಿರಿ, ಬರುವಾಗ ಬಸ್ಸು. ಯಾಕೆಂದರೆ ಬೆಳಗಿನ ತಂಪಿನಲ್ಲಿ ವೆಲ್ಲೆಸ್ಲಿ ಸೇತುವೆ ದಾಟುವ ಸುಖ ಬೇರೆ. ಉತ್ತರದ ಕವಲಿನ ಮೇಲಿರುವ ಈ ಸೇತುವೆಯನ್ನು ದಿವಾನ್ ಪೂರ್ಣಯ್ಯನವರ ಕಾಲದಲ್ಲಿ, 1804ರಲ್ಲಿ ಕಟ್ಟಿದರು. ಕಮಾನು ಇಲ್ಲ. ಕಲ್ಲಿನ ಕಂಬ ನಿಲ್ಲಿಸಿ, ಅದರ ಮೇಲೆ ಕಲ್ಲಿನ ತೊಲೆ, ಚಪ್ಪಡಿ ಹಾಸಿದ್ದಾರೆ. ಕನ್ನಂಬಾಡಿಯಿಂದ ಜಾಸ್ತಿ ನೀರು ಬಿಟ್ಟಾಗ ಹೊಳೆ ಸೇತುವೆಯ ತಲೆ ಮಟ್ಟಕ್ಕೆ ಬರುತ್ತದೆ. ಆಗ ಜನರನ್ನು ಬಿಡುವುದಿಲ್ಲ. ಜುಲೈ, ಆಗಸ್ಟ್‌ನಲ್ಲಿ ಹೊರಡುವ ಮುಂಚೆ ಕೇಳಿಕೊಳ್ಳಿ.

ಸೇತುವೆ ದಾಟಿದರೆ ಕಿರಂಗೂರು. ಇಲ್ಲಿನ ಬನ್ನಿಮಂಟಪದಿಂದಲೇ ಈಗ ಶ್ರೀರಂಗಪಟ್ಟಣ ದಸರೆಯ ಮೆರವಣಿಗೆ ಹೊರಡುತ್ತದೆ. ಮೈಸೂರು ದಸರೆಯ ಮೂಲವೂ ನಿಮ್ಮ ಊರೇ ಅಲ್ವಾ? ರಾಜ ಒಡೆಯರು 1610ರಲ್ಲಿ ಶುರು ಮಾಡಿದ್ದು. ಕಿರಂಗೂರಿನಿಂದ ಹೆದ್ದಾರಿ ದಾಟುವಾಗ ಮಾತ್ರ ಬಹಳ ಹುಷಾರು. ಕರಿಘಟ್ಟದ ದಾರಿ ಕೇಳಿದರೆ ಯಾರು ಬೇಕಾದರೂ ಹೇಳುತ್ತಾರೆ. ಬೆಟ್ಟದ ಬುಡದಲ್ಲಿ ಲೋಕಪಾವನಿ ಹರಿಯುತ್ತದೆ. ನಾಗಮಂಗಲದ ಕಡೆಯಿಂದ ಬಂದು ಇಲ್ಲೇ ಹತ್ತಿರದಲ್ಲಿ ಕಾವೇರಿಗೆ ಸೇರುವ ಹೊಳೆ. ಬೇಸಿಗೆಯಲ್ಲಿ ಹಳ್ಳದಷ್ಟೇ.

ಬೆಟ್ಟಕ್ಕೆ ಕೆಲವು ನೂರು ಮೆಟ್ಟಿಲು. ಬಳಸಿಕೊಂಡು ಬರುವ ಗಾಡಿ ರಸ್ತೆಯೂ ಇದೆ. ಮೊಣಕಾಲು ನೋವಿರುವವರು ಸಾಮಾನ್ಯವಾಗಿ ರಸ್ತೆಯಲ್ಲಿ ಹತ್ತಿ ಮೆಟ್ಟಿಲಿನಲ್ಲಿ ಇಳಿಯುತ್ತಾರೆ. ಹಾಗೆ ಮಾಡಬೇಡಿ. ಮೊಣಕಾಲಿಗೆ ಪೆಟ್ಟು ಬೀಳುವುದು ಇಳಿಯುವಾಗ. ನಿಧಾನವಾಗಿ ಮೆಟ್ಟಿಲು ಹತ್ತಿ, ರಸ್ತೆಯಲ್ಲಿ ಇಳಿಯಿರಿ. ಮೇಲೆ ಶ್ರೀನಿವಾಸನ ಗುಡಿ. ಗುಡಿಯ ಮುಂದಿನಿಂದ ದ್ವೀಪದ ಮೂಡಲ ತುದಿ, ಸಂಗಮ, ಹಸಿರು ಗದ್ದೆ, ತಿಳಿಯಾಗಿದ್ದರೆ ದೂರದ ಚಾಮುಂಡಿ ಬೆಟ್ಟ. ಭೂಪಟದಲ್ಲಿ ನೋಡಿದ ದ್ವೀಪ ಕಣ್ಣಿಗೆ ಬೀಳುವುದು ಇಲ್ಲಿಂದಲೇ. ಗುಡಿ ಇಡೀ ದಿನ ತೆರೆದಿರುವುದಿಲ್ಲ. ದರ್ಶನ ಬೇಕಾದರೆ ಬೆಳಿಗ್ಗೆಯೇ ಹೋಗಿ.

ಕರಿಘಟ್ಟದ್ದು ಕುರುಚಲು ಕಾಡು. ಬೇಸಿಗೆಯಲ್ಲಿ ಒಣಹುಲ್ಲಿಗೆ ಬೆಂಕಿ ಬೀಳುತ್ತದೆ. ಪೂಜೆಯ ಊದುಬತ್ತಿ ಎಸೆಯುವವರನ್ನು ಕಂಡರೆ ಹಳೇ ಟೀಚರ್ ಗದರಿಕೆ ಉಪಯೋಗಿಸಿ! ಚಿರತೆಯ ಮಾತೂ ಹೇಳಬೇಕು. ನಿಮ್ಮ ತಾಲ್ಲೂಕಿನಲ್ಲಿ ಕಬ್ಬಿನ ಗದ್ದೆಯಲ್ಲಿ ಚಿರತೆ ಮರಿ ಹಾಕುವುದು, ಬೋನಿಗೆ ಬೀಳುವುದು ಹೊಸದಲ್ಲ. ಹಗಲು ಹೊತ್ತು ಮಾತಾಡಿಕೊಂಡು ಹೋಗುವವರ ತಂಟೆಗೆ ಅದು ಬರುವುದಿಲ್ಲ. ಸೂರ್ಯ ಮುಳುಗುವ ಮೊದಲು ಹೆದ್ದಾರಿ ಬಸ್ ಸ್ಟಾಪಿನಲ್ಲಿರಿ, ಸಾಕು.

ದ್ವೀಪದ ಮೇಲಿನ ನಡಿಗೆ ನಿಮಗೆ ಗೊತ್ತಿರುವುದೇ ಇರಬೇಕು, ಚಿಕ್ಕದಾಗಿ ಹೇಳುತ್ತೇನೆ. ದ್ವೀಪ ಉದ್ದಕ್ಕೆ ಐದು ಕಿಲೋಮೀಟರ್ ಇದ್ದರೆ ಹೆಚ್ಚು. ಆಟೋದಲ್ಲಿ ಸಂಗಮಕ್ಕೆ ಹೋಗಿ ಇಳಿದು, ಗುಂಬಜ್, ಗಂಜಾಂ, ದರಿಯಾ ದೌಲತ್ ಮೇಲೆ ಮನೆಗೆ ನಡೆಯಿರಿ. ಪ್ರವಾಸಿ ಬಸ್ಸುಗಳ ರಸ್ತೆ ಬಿಟ್ಟು ಗಂಜಾಂನ ಒಳದಾರಿ ಹಿಡಿದರೆ ಬಂಗಾರದೊಡ್ಡಿ ನೀರುಂಡ ಗದ್ದೆಗಳು ಸಿಗುತ್ತವೆ. ಅಲ್ಲೇ ಅಬ್ಬೆ ದುಬೋಯಿ ಎಂಬ ಫ್ರೆಂಚ್ ಪಾದ್ರಿಯ ಕಾಲದ ಹಳೆಯ ಚರ್ಚು ಇದೆ. ಮೈಸೂರು ಸೀಮೆಯಲ್ಲಿ ಸಿಡುಬಿನ ಲಸಿಕೆ ಹಾಕಿಸಲು ಓಡಾಡಿದವರಲ್ಲಿ ಅವರೊಬ್ಬರು. ದಸರೆ ನೋಡಲು ಬಂದವರು ಅತ್ತ ತಲೆ ಹಾಕುವುದೇ ಇಲ್ಲ. ಶುಕ್ರವಾರ ಮತ್ತು ಅಮಾವಾಸ್ಯೆ ದಿನ ನಿಮಿಷಾಂಬ ಗುಡಿಯ ಕಡೆ ಹೋಗಬೇಡಿ, ಕಾಲಿಡಲು ಜಾಗ ಇರುವುದಿಲ್ಲ.

ಇನ್ನು ದೂರದವು. ರೈಲು ಅಂದಿರಲ್ಲ, ನಿಮ್ಮ ಸ್ಟೇಷನ್ ಕೋಟೆಯೊಳಗೇ ಇರುವುದು ಎಂಥ ಅದೃಷ್ಟ! ಜೋಡಿ ಹಳಿ ಹಾಕುವಾಗ ಟಿಪ್ಪು ಕಾಲದ ಮದ್ದಿನ ಮನೆ ಅಡ್ಡ ಬಂತು. 2017ರಲ್ಲಿ ಅದನ್ನು ಒಡೆಯದೆ, ಇಡಿಯಾಗಿ ಎತ್ತಿ ಪಕ್ಕಕ್ಕೆ ಸರಿಸಿದರು. ಶತಾಬ್ದಿ, ವಂದೇ ಭಾರತ್ ನಿಲ್ಲುವುದಿಲ್ಲ. ಪ್ಯಾಸೆಂಜರ್, ಮೆಮು ನಿಮ್ಮವು. ಬೆಂಗಳೂರು ಕಡೆ ಮುಂದಿನ ಸ್ಟೇಷನ್ ಪಾಂಡವಪುರ. ಹಿರಿಯರು ಈಗಲೂ ಕೆಲವೊಮ್ಮೆ ಫ್ರೆಂಚ್ ರಾಕ್ಸ್ ಅಂತಾರೆ, ಟಿಪ್ಪುವಿನ ಫ್ರೆಂಚ್ ಸೈನಿಕರು ಬೀಡುಬಿಟ್ಟಿದ್ದ ಜಾಗ. ಆದರೆ ಸ್ಟೇಷನ್ ಪೇಟೆಯಿಂದ ದೂರ ಇದೆ. ಹಾಗಾಗಿ ಪಾಂಡವಪುರದ ಪೇಟೆಗೆ, ಅದರಾಚೆಗೆ ಹೋಗುವುದಾದರೆ ಬಸ್ಸೇ ಸರಿ. ರೈಲು ಮೈಸೂರು, ಮಂಡ್ಯಕ್ಕೆ ಇಟ್ಟುಕೊಳ್ಳಿ.

ಪಾಂಡವಪುರದಲ್ಲಿ ಎಲ್ಲರೂ ಕುಂತಿ ಬೆಟ್ಟ ಅಂತಾರೆ. ನಿಮಗೆ ಅದು ಬೇಡ. ಕೆಳಗಿನ ಮೆಟ್ಟಿಲು ಸುಲಭ, ಮೇಲೆ ಹೋದಂತೆ ಬರೀ ಬಂಡೆ, ಕೈ ಊರಿ ಹತ್ತಬೇಕು. ಬುಡದವರೆಗೆ ಹೋಗಿ ಬಂದರೆ ಸಾಕು. ಬದಲಿಗೆ ಪಾಂಡವಪುರ ಸ್ಟಾಂಡಿನಿಂದ ಕೆರೆತೊಣ್ಣೂರಿನ ಬಸ್ಸು ಹಿಡಿಯಿರಿ. ಹತ್ತು ಕಿಲೋಮೀಟರ್ ಆಸುಪಾಸು. ಬೆಟ್ಟಗಳ ನಡುವಿನ ದೊಡ್ಡ ಕೆರೆ. ನೀರು ಎಷ್ಟು ತಿಳಿ ಅಂದರೆ ಮೋತಿ ತಲಾಬ್, ಮುತ್ತಿನ ಕೆರೆ, ಎಂದು ಹೆಸರು ಬಂತು. ಏರಿಯ ಮೇಲೆ ನಡೆಯುವುದು ಒಂದು ಖುಷಿ. ಊರೊಳಗಿನ ನಂಬಿನಾರಾಯಣ ಗುಡಿ ಇನ್ನೊಂದು ಖುಷಿ. ರಾಮಾನುಜಾಚಾರ್ಯರು ಮೇಲುಕೋಟೆಗೆ ಹೋಗುವ ಮೊದಲು ಇಲ್ಲಿದ್ದರು ಎಂಬ ನಂಬಿಕೆ ಇದೆ. ರಾಜಧಾನಿ ದೋರಸಮುದ್ರ ಹಾಳಾದ ಮೇಲೆ ಹೊಯ್ಸಳ ಅರಸ ಕೆಲ ಕಾಲ ನೆಲೆ ನಿಂತದ್ದೂ ಇಲ್ಲೇ. ಹಳೆಯ ದರ್ಗಾವೂ ಇದೆ. ಇಷ್ಟು ಇತಿಹಾಸ ಇರುವ ಊರಿಗೆ ಬಸ್ಸು ಮಾತ್ರ ಕಮ್ಮಿ. ಇಳಿದ ಕೂಡಲೇ ವಾಪಸ್ ಬಸ್ಸು ಎಷ್ಟು ಹೊತ್ತಿಗೆ ಎಂದು ಡ್ರೈವರನ್ನೇ ಕೇಳಿ. ನಿಲ್ದಾಣದ ಬೋರ್ಡಿಗಿಂತ ಡ್ರೈವರ್ ಮಾತು ಗಟ್ಟಿ. ಕೆರೆಯಲ್ಲಿ ಈಜುವವರನ್ನು ನೋಡಿ ಯಜಮಾನರು ಉಮೇದಿಗೆ ಬೀಳದಂತೆ ನೋಡಿಕೊಳ್ಳಿ. ಆಳ ಜಾಸ್ತಿ.

ಮೇಲುಕೋಟೆಗೆ ಒಂದು ಪೂರ್ತಿ ದಿನ ಬೇಕು. ಪಾಂಡವಪುರ, ಜಕ್ಕನಹಳ್ಳಿ ಮೇಲೆ ಬಸ್ಸು. ಎತ್ತರದ ಊರು, ನಿಮ್ಮ ಊರಿಗಿಂತ ತಂಪು. ಬಹಳ ಜನ ಚೆಲುವನಾರಾಯಣನ ದರ್ಶನ, ಯೋಗಾನರಸಿಂಹನ ಬೆಟ್ಟ, ಪುಳಿಯೋಗರೆ, ಇಷ್ಟು ಮುಗಿಸಿ ಬಸ್ಸು ಹತ್ತುತ್ತಾರೆ. ನಡೆಯುವವರಿಗೆ ನಿಜವಾದ ಹಬ್ಬ ಇರುವುದು ಊರಿನ ಹಿಂದೆ. ಕಲ್ಯಾಣಿ ಸುತ್ತಿ, ಅಕ್ಕ ತಂಗಿ ಕೊಳ ನೋಡಿ, ಮುಗಿಯದೇ ಉಳಿದ ರಾಯಗೋಪುರದ ಕೆಳಗೆ ಹಾದು, ಧನುಷ್ಕೋಟಿ ಕಡೆ ನಡೆಯಿರಿ. ಹಳೆಯ ಕಲ್ಲು ಹಾಸಿನ ದಾರಿ, ಮಂಟಪ, ಸಣ್ಣ ಸಣ್ಣ ಕೊಳ. ಕಾರ್ತಿಕ ಮಾಸದಲ್ಲಿ ಅಷ್ಟತೀರ್ಥೋತ್ಸವ ನಡೆಯುತ್ತದೆ. ಆ ದಿನ ಜನ ದೇವರ ಜೊತೆ ಸುತ್ತಲಿನ ತೀರ್ಥಗಳಿಗೆಲ್ಲ ನಡೆದು ತೊಟ್ಟಿಲಮಡುವಿನವರೆಗೆ ಹೋಗುತ್ತಾರೆ. ಮೊದಲ ಸಲ ಹೋಗುವವರು ಆ ಗುಂಪಿನಲ್ಲೇ ಸೇರಿಕೊಂಡರೆ ದಾರಿ ತಾನಾಗಿ ಗೊತ್ತಾಗುತ್ತದೆ. ಮಿಕ್ಕ ದಿನ ಊರಿನವರು ಓಡಾಡುವ ದಾರಿ ಬಿಟ್ಟು ಆಚೆ ಹೋಗಬೇಡಿ. ಸುತ್ತಲಿನ ಕಾಡು 1974ರಿಂದ ವನ್ಯಧಾಮ, ತೋಳಗಳಿಗಾಗಿ ಕಾಯ್ದಿಟ್ಟದ್ದು. ಯೋಗಾನರಸಿಂಹನ ಬೆಟ್ಟದ ಮೆಟ್ಟಿಲು ನಿಮ್ಮಿಷ್ಟ. ಅಲ್ಲಲ್ಲಿ ಕೂತು ಹತ್ತಲು ಮಂಟಪಗಳಿವೆ. ಆದರೆ ಬೆಟ್ಟ, ಧನುಷ್ಕೋಟಿ ಎರಡನ್ನೂ ಒಂದೇ ದಿನಕ್ಕೆ ಹಾಕಿಕೊಳ್ಳಬೇಡಿ. ವೈರಮುಡಿ ಉತ್ಸವದ ದಿನವಂತೂ ನಡಿಗೆಯ ಮಾತೇ ಇಲ್ಲ.

ಬಸ್ಸಿನ ವಿಷಯ ಇನ್ನೆರಡು ಮಾತು. 2023ರಲ್ಲಿ ಬೆಂಗಳೂರು ಮೈಸೂರು ಎಕ್ಸ್‌ಪ್ರೆಸ್ ಹೆದ್ದಾರಿ ಆದ ಮೇಲೆ ಬೈಪಾಸ್ ಹಿಡಿಯುವ ಬಸ್ಸುಗಳು ಪಟ್ಟಣದೊಳಗೆ ಬರುವುದಿಲ್ಲ. ಮೈಸೂರಿನಿಂದ ಬರುವಾಗ ತಡೆರಹಿತ ಬೋರ್ಡು ಕಂಡರೆ ಕಂಡಕ್ಟರನ್ನು ಕೇಳದೆ ಹತ್ತಬೇಡಿ. ಮೈಸೂರಿನ ಸಿಟಿ ಬಸ್ಸು, ಕೆಂಪು ಸಾಮಾನ್ಯ ಬಸ್ಸು ನಿಮಗೆ ಸರಿ. 2023ರ ಜೂನ್‌ನಲ್ಲಿ ಶುರುವಾದ ಶಕ್ತಿ ಯೋಜನೆಯಲ್ಲಿ ನಿಮಗೆ ಈ ಬಸ್ಸುಗಳು ಉಚಿತ. ರಾಜ್ಯದ ವಿಳಾಸ ಇರುವ ಗುರುತಿನ ಚೀಟಿ ಜೊತೆಗಿರಲಿ. ಯಜಮಾನರು ಟಿಕೆಟ್ ತಗೊಳ್ಳಬೇಕು. ಅರವತ್ತು ದಾಟಿದವರಿಗೆ ಸಾರಿಗೆ ನಿಗಮದ ಬಸ್ಸಿನಲ್ಲಿ ಶೇಕಡಾ 25 ರಿಯಾಯಿತಿ ಇದೆ, ಬಾಯಿಬಿಟ್ಟು ಕೇಳಬೇಕು. ರೈಲಿನಲ್ಲಿ ಹಿರಿಯರಿಗೆ ಇದ್ದ ರಿಯಾಯಿತಿಯನ್ನು 2020ರಲ್ಲಿ ತೆಗೆದುಹಾಕಿದರು.

ಒಂದು ಎಚ್ಚರಿಕೆ ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ನಾಲೆ ಏರಿ ಅಂದೆ ಅಂತ ವಿಶ್ವೇಶ್ವರಯ್ಯ ನಾಲೆಯ ಏರಿ ಹಿಡಿಯಬೇಡಿ. ಅದು ದೊಡ್ಡದು, ಆಳ, ಸೆಳೆತ ಜೋರು, ಬದಿ ಕಡಿದು. ಬಿದ್ದವರಿಗೆ ಹಿಡಿಯಲು ಏನೂ ಸಿಗುವುದಿಲ್ಲ. 2018ರ ನವೆಂಬರ್‌ನಲ್ಲಿ ಪಾಂಡವಪುರ ತಾಲ್ಲೂಕಿನ ಕನಗನಮರಡಿ ಹತ್ತಿರ ಬಸ್ಸೊಂದು ಆ ನಾಲೆಗೆ ಬಿದ್ದು 30 ಜನ ಹೋದರು. ಹಳೆಯ ಸಣ್ಣ ನಾಲೆಗಳಲ್ಲೂ ನೀರು ಬಿಟ್ಟಿರುವಾಗ ನೀರಿನ ಅಂಚಿನಿಂದ ಎರಡು ಮಾರು ದೂರದಲ್ಲೇ ನಡೆಯಿರಿ. ಮಳೆ ಬಂದ ಮರುದಿನ ಏರಿಯ ಮಣ್ಣು ಜಾರುತ್ತದೆ, ಅಂದು ಬೇಡ.

ಹೊರಡಲು ಒಳ್ಳೆಯ ಕಾಲ ಅಕ್ಟೋಬರ್‌ನಿಂದ ಫೆಬ್ರವರಿ. ಕಬ್ಬು ಕಟಾವಿನ ಸಮಯದಲ್ಲಿ ದಾರಿಯಲ್ಲಿ ಆಲೆಮನೆ ಸಿಕ್ಕರೆ ಕೇಳಿ ಒಳಗೆ ಹೋಗಿ. ಬಿಸಿ ಬೆಲ್ಲದ ಚೂರು ಕೊಡದೆ ಕಳಿಸುವುದಿಲ್ಲ. ತರಗಿಗೆ ಬೆಂಕಿ ಹಾಕಿರುವ ಗದ್ದೆಯಿಂದ ಮಾತ್ರ ದೂರವಿರಿ. ಮಾರ್ಚ್ ನಂತರ ಮೊದಲ ಬಸ್ಸಿಗೇ ಹೋಗಿ, ಹತ್ತೂವರೆಗೆ ನಡಿಗೆ ಮುಗಿಸಿ. ಕೈಯಲ್ಲಿ ಒಂದು ಕೋಲಿರಲಿ, ಮೊಣಕಾಲಿಗೂ ಆಯಿತು, ನಾಯಿಗೂ ಆಯಿತು. ನೀರು ಒಬ್ಬೊಬ್ಬರಿಗೆ ಒಂದು ಲೀಟರ್. ಹಳ್ಳಿ ಹೋಟೆಲುಗಳಲ್ಲಿ ಬೆಳಗಿನ ಇಡ್ಲಿ ಒಂಬತ್ತಕ್ಕೆಲ್ಲ ಖಾಲಿ, ಊಟ ಸಿಗುವುದು ಖಾತ್ರಿಯಿಲ್ಲ. ಬುತ್ತಿ ಕಟ್ಟಿಕೊಂಡೇ ಹೋಗಿ.

ಮೊದಲು ಬೆಳಗೊಳದ್ದು ಮಾಡಿ. ಅದೂ ವಾರದ ನಡುವಿನ ದಿನ. ಮರುದಿನ ಮೊಣಕಾಲು ಏನನ್ನುತ್ತದೆ ನೋಡಿ. ಊತ ಬರದಿದ್ದರೆ ಮುಂದಿನ ವಾರ ಕರಿಘಟ್ಟ. ಊತ ಬಂದರೆ ಬೆಟ್ಟ ಬಿಟ್ಟುಬಿಡಿ. ಬೆಳಗೊಳದ ಬದಲು ಪಾಲಹಳ್ಳಿಗೇ ಬಸ್ಸಿನಲ್ಲಿ ಹೋಗಿ, ರಂಗನತಿಟ್ಟು ನೋಡಿಕೊಂಡು ಮನೆಗೆ ನಡೆಯಿರಿ.